ತೆಗ್ಗಿಗೂ ಹಾಡುಗಾರನಿಗೂ ಒಂದೇ ಅಡ್ಡಹೆಸರು

ಇದನ್ನು ಬರೆಯಬೇಕೆಂದು ಎಷ್ಟು ವರ್ಷದಿಂದ ಅಂದುಕೊಳ್ಳುತ್ತಿದ್ದೇನೋ ಅಷ್ಟೇ ವರ್ಷದಿಂದ ಮುಂದಕ್ಕೆ ಹಾಕುತ್ತಲೂ ಬಂದಿದ್ದೇನೆ. ನನ್ನಲ್ಲಿ ನೆಪಗಳಿಗೆ ಬರ ಇಲ್ಲ. ಸಜ್ಜೆ ರಾಶಿ ಮುಗಿಯಲಿ ಅಂದೆ. ಕಣ್ಣಿನ ಪೊರೆ ತೆಗೆಸಿಕೊಂಡು ಕುಳಿತರಾಯಿತು ಅಂದೆ. ಪೊರೆ ತೆಗೆಸಿದ ಮೇಲೆ, ಇನ್ನು ನೆಪ ಇಲ್ಲವಲ್ಲ ಎಂದು ಹೆದರಿ, ಕನ್ನಡಕ ಸರಿ ಹೊಂದಲಿಲ್ಲ ಎಂದು ಮತ್ತೆ ಎರಡು ವರ್ಷ ದೂಡಿದೆ. ನನ್ನಂಥ ಮನುಷ್ಯ ಸಾಯುವುದನ್ನೂ ಮುಂದಕ್ಕೆ ಹಾಕಬಲ್ಲ ಅನ್ನುತ್ತಿದ್ದಳು ನನ್ನ ಹೆಂಡತಿ. ಆಕೆಯೇ ಮೊದಲು ಹೋದಳು.

ಹೋದ ತಿಂಗಳು ಕುಷ್ಟಗಿಯ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳ, ಅಂದರೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಹಲ್ಲಿಲ್ಲದವನಿಗೆ ಬಜ್ಜಿ ಯಾಕೆ ಎಂದು ಕೇಳಬೇಡಿ. ಮೆತ್ತಗಾಗಲು ಬಿಟ್ಟು ತಿನ್ನುತ್ತೇನೆ. ಅದು ಮೆತ್ತಗಾಗುವ ತನಕ ಕಟ್ಟಿದ ಕಾಗದ ಓದುವುದು ನನ್ನ ಹಳೆಯ ಚಟ. ಅವತ್ತಿನ ಕಾಗದದಲ್ಲಿ ಒಂದು ಸಣ್ಣ ಬರಹ ಇತ್ತು. ಅಮೆರಿಕದ ಕಪ್ಪು ಜನ ತಮ್ಮ ಸಂಕಟವನ್ನು ಗಿಟಾರು ಹಿಡಿದು ಹಾಡಿಕೊಳ್ಳುತ್ತಾರಂತೆ, ಅದಕ್ಕೆ ಬ್ಲೂಸ್ ಅನ್ನುತ್ತಾರಂತೆ. ಅಂಥ ಒಬ್ಬ ಹಾಡುಗಾರನ ಅಡ್ಡಹೆಸರೇ ಮೇಲೆ ಆಕಾಶದಲ್ಲಿ ಯಾವುದೋ ಗ್ರಹದ ಒಂದು ದೊಡ್ಡ ಕುಳಿಗೂ ಇದೆಯಂತೆ. ಸತ್ತುಹೋದ ಕವಿಗಳು, ಹಾಡುಗಾರರು, ಚಿತ್ರ ಬರೆಯುವವರು ಇಂಥವರ ಹೆಸರನ್ನು ಹುಡುಕಿ ಹುಡುಕಿ ಅಲ್ಲಿಯ ಕುಳಿಗಳಿಗೆ ಇಡುವ ರೂಢಿ ಉಂಟಂತೆ. ಆ ಹೆಸರು ಯಾವುದು ಎಂದು ನೋಡಿದರೆ ಸರಿಯಾಗಿ ಅದರ ಮೇಲೇ ಎಣ್ಣೆ ಇಳಿದಿತ್ತು.

ಬಜ್ಜಿಯನ್ನು ಪಕ್ಕದಲ್ಲಿದ್ದ ನಾಯಿಗೆ ಹಾಕಿ ಎದ್ದುಬಿಟ್ಟೆ. ಎಪ್ಪತ್ತು ದಾಟಿದ ಮೇಲೆ ಸಿಟ್ಟು ಬಂದರೆ ಎದುರಿಗೆ ಯಾರಾದರೂ ಇರಬೇಕು, ಇಲ್ಲದಿದ್ದರೆ ಅದು ಕೆಮ್ಮಾಗಿ ಹೊರಗೆ ಬರುತ್ತದೆ. ಕೆಮ್ಮಿದೆ. ಯಾರೋ ಎಲ್ಲೋ ಕುಳಿತು, ಜನ್ಮದಲ್ಲಿ ಕಾಲಿಡದ ಒಂದು ತೆಗ್ಗಿಗೆ ಹಾಡುಗಾರನ ಹೆಸರಿಟ್ಟು ಗೌರವಿಸುತ್ತಾರೆ. ನಾನು ನನ್ನ ಕಣ್ಣೆದುರಿಗಿದ್ದ ಹಾಡುಗಾರನಿಗೆ ಊರ ಹೊರಗಿನ ತೆಗ್ಗಿನ ಹೆಸರಿಟ್ಟೆ. ನನ್ನ ಕೈಯಿಂದ, ನನ್ನ ಪೆನ್ನಿನಿಂದ, ದುಂಡಗೆ ಬರೆದು.

ಅಡ್ಡಹೆಸರಿನ ಸಂಗತಿ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ದಕ್ಷಿಣದ ಕಡೆಯವರಿಗೆ ಮಾತ್ರ ಇದು ನಗೆಯ ವಸ್ತು. ನಮ್ಮಲ್ಲಿ ಮೆಣಸಿನಕಾಯಿಯವರು ಉಳ್ಳಾಗಡ್ಡಿಯವರಿಗೆ ಹೆಣ್ಣು ಕೊಡುತ್ತಾರೆ, ಬೆಲ್ಲದವರು ಬಂದು ಅಕ್ಕಿಕಾಳು ಹಾಕುತ್ತಾರೆ. ಮನೆಯ ಮುಂದೆ ಬೇವಿನಮರ ಇದ್ದರೆ ಬೇವಿನಮರದ, ಹುಣಸೆ ಇದ್ದರೆ ಹುಣಸಿಮರದ. ಮರ ಬಿದ್ದುಹೋದರೂ ಹೆಸರು ಬೀಳುವುದಿಲ್ಲ. ನಮ್ಮದು ಮೂಲಿಮನಿ. ನಮ್ಮ ಮುತ್ತಜ್ಜ ಓಣಿಯ ಮೂಲೆಯಲ್ಲಿ ಮನೆ ಕಟ್ಟಿದ್ದನಂತೆ. ಆಮೇಲೆ ಅದರಾಚೆ ಒಂದೊಂದಾಗಿ ಏಳು ಮನೆ ಎದ್ದವು. ಈಗ ನಮ್ಮದು ಓಣಿಯ ನಟ್ಟನಡುವೆ ಇದೆ, ಆದರೂ ನಾವು ಮೂಲಿಮನಿಯವರು. ಇಂಥ ಹೆಸರುಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ. ಊರು ಇಡುತ್ತದೆ, ಒಂದು ದಿನ ಯಾರೋ ಕಾಗದದ ಮೇಲೆ ಬರೆಯುತ್ತಾರೆ. ಬರೆದ ಮೇಲೆ ಮುಗಿಯಿತು. ಮಕ್ಕಳನ್ನು ಸಾಲಿಗೆ ಹಚ್ಚುವಾಗ ಮಾಸ್ತರು ಏನು ಬರೆದರೋ ಅದು. ರೇಶನ್ ಕಾರ್ಡು ಬರೆಯುವವನು ಏನು ಬರೆದನೋ ಅದು.

ಆ ಬರೆಯುವವನು ನಮ್ಮೂರಲ್ಲಿ ನಾನು. ಹನುಮಸಾಗರದ ರಸ್ತೆಯಲ್ಲಿ ಒಳಗೆ ಎರಡು ಮೈಲಿ ನಮ್ಮೂರು. ಎಸ್ಸೆಸ್ಸೆಲ್ಸಿಯನ್ನು ನಾನು ಮೂರು ಸಲ ಬರೆದವನು. ಮೂರನೆಯ ಸಲ ಗಣಿತದ ಮಾಸ್ತರಿಗೆ ನನ್ನ ಮೇಲೆ ಕರುಣೆ ಬಂತೋ ಬೇಸರ ಬಂತೋ, ಪಾಸಾದೆ. ಆದರೆ ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ. ತಪ್ಪು ಉತ್ತರವನ್ನೂ ಓದಬೇಕು ಅನ್ನಿಸುವಷ್ಟು ಚೆಂದ. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆ ಆಯಿತಲ್ಲ, ಆಮೇಲೆ ಹೊಸ ಕಾರ್ಡು ಬರೆಯುವ ಕೆಲಸ ಬಂದಾಗ ಊರವರು ನನ್ನನ್ನೇ ಮುಂದೆ ಮಾಡಿದರು. ಸಾಲಿಯ ಟೇಬಲ್ಲು ತಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಾಕಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತೆ. ಜಿಲ್ಲೆಯನ್ನು ನಾನೇ ಹುಟ್ಟಿಸಿದವನ ಹಾಗಿದ್ದೆ.

ಇನ್ನು ತೆಗ್ಗು. ನಮ್ಮ ಊರಿನ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮಳೆಗಾಲ ಬರುವ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು ಹಾಕಿ ತುಳಿದರೆ ಸೋರುವುದಿಲ್ಲ. ಆ ಮಣ್ಣು ತೆಗೆಯುತ್ತಿದ್ದದ್ದು ಊರ ಬಡಗಣಕ್ಕೆ ಒಂದು ಕಡೆ. ತಲೆತಲಾಂತರ ತೆಗೆದು ತೆಗೆದು ಅಲ್ಲಿ ಎರಡಾಳು ಆಳದ ತೆಗ್ಗು ಆಗಿತ್ತು. ಚಿಕ್ಕವನಿದ್ದಾಗ ನಾನು ಅದರ ದಂಡೆಯಿಂದ ಜಾರಿ ಚಡ್ಡಿ ಹರಿದುಕೊಂಡು, ಹಿಂದೆ ಕೈ ಕಟ್ಟಿಕೊಂಡು ಗೌಡರ ಹಾಗೆ ಗಂಭೀರವಾಗಿ ಮನೆಗೆ ಬಂದವನು. ಮುಂದೆ ಮಣ್ಣು ಕಡಿಮೆಯಾದ ಮೂಲೆಯಲ್ಲಿ ಸತ್ತ ನಾಯಿಗಳನ್ನು ಎಸೆಯುವ ರೂಢಿ ಬಂತು. ಊರು ಅದನ್ನು ನಾಯಿತೆಗ್ಗು ಅಂದಿತು. ತಲೆಯ ಮೇಲೆ ಅದೇ ಮಣ್ಣು ಹೊತ್ತ ಮನೆಯಲ್ಲಿ ಮಲಗಿ, ಬಾಯಲ್ಲಿ ಆ ಹೆಸರು ಬಂದರೆ ಥೂ ಅನ್ನುತ್ತಿದ್ದೆವು.

ಆ ತೆಗ್ಗಿನ ದಂಡೆಯ ಮೇಲೆ ಕೊನೆಯ ಮನೆ ಹುಸೇನಪ್ಪನದು. ಅವನು ಇಟಗಿ ಕಡೆಯವನು, ನಮ್ಮೂರ ಗಂಗವ್ವನನ್ನು ಮಾಡಿಕೊಂಡು ಹೆಂಡತಿಯ ಮನೆಯಲ್ಲೇ ನಿಂತವನು. ಹೊಲ ಇಲ್ಲ. ಕೂಲಿ ಮಾಡುತ್ತಿದ್ದ, ಹಾಡುತ್ತಿದ್ದ. ಬರೆಯುವಾಗ ಈಗ 'ಅವರು' ಎಂದು ಬರೆಯಬಹುದಿತ್ತು. ಬದುಕಿದ್ದಾಗ ಒಂದು ದಿನವೂ ಬಾಯಿತುಂಬ ಕೊಡದ ಮರ್ಯಾದೆಯನ್ನು ಕಾಗದದ ಮೇಲೆ ಕೊಡುವುದು ನಾಟಕ. ಆದ್ದರಿಂದ ಅವನು ಎಂದೇ ಬರೆಯುತ್ತೇನೆ. ಅವನ ಮನೆತನದ ಅಡ್ಡಹೆಸರು ತಂಬೂರಿ. ಅಜ್ಜ ಮುತ್ತಜ್ಜ ತಂಬೂರಿ ಹಿಡಿದು ಊರೂರು ತತ್ವಪದ ಹಾಡಿಕೊಂಡು ಹೋಗುತ್ತಿದ್ದರಂತೆ. ಇವನ ಕೈಯಲ್ಲಿ ಒಂದು ಏಕತಾರಿ. ದನಿ ಚೆಂದ ಎಂದು ಹೇಳಲಾರೆ, ಒಡಕು ದನಿ. ಆದರೆ ಮನೆಯಲ್ಲಿ ಸಾವಾದಾಗ, ಹೆಣ ಕುಳ್ಳಿರಿಸಿ ಎದುರಿಗೆ ಅವನು ಕುಳಿತು ದನಿ ಎತ್ತಿದರೆ, ಅಳಲಾರದೆ ಕಲ್ಲಾಗಿ ಕುಳಿತವರೂ ಅಳುತ್ತಿದ್ದರು. ಅತ್ತ ಮೇಲೆ ಹಗುರಾಗುತ್ತಿದ್ದರು. ನಮ್ಮ ಸುತ್ತ ನಾಲ್ಕು ಹಳ್ಳಿಗಳಲ್ಲಿ ಅವನಿಲ್ಲದೆ ಯಾವ ಹೆಣದ ಮಣ್ಣೂ ಆಗುತ್ತಿರಲಿಲ್ಲ.

ನಮ್ಮಪ್ಪನಿಗೆ ಅವನ ಪದ ಅಂದರೆ ಜೀವ. ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು, ನಾ ಸತ್ತರೆ ಹುಸೇನಪ್ಪನ್ನ ಮರೀಬ್ಯಾಡ ಅಂದಿದ್ದ. ಕಾರ್ಡು ಬರೆಯುವ ಕೆಲಸ ಬರುವುದಕ್ಕೆ ಆರು ತಿಂಗಳ ಹಿಂದೆ, ಒಂದು ಮುಂಜಾನೆ ಅಪ್ಪ ತೀರಿಕೊಂಡ. ಹುಸೇನಪ್ಪನಿಗೆ ಹೇಳಿಕಳಿಸಿದೆ. ಅವನು ಮನೆಯಲ್ಲಿರಲಿಲ್ಲ. ಅದೇ ಮುಂಜಾನೆ ಆ ಕಡೆಯ ಕೇರಿಯಲ್ಲಿ ಕಸಬರಿಗೆ ಕಟ್ಟಿ ಮಾರುತ್ತಿದ್ದ ಮುದುಕಿಯೊಬ್ಬಳು ಸತ್ತಿದ್ದಳು. ಹಿಂದಿಲ್ಲ ಮುಂದಿಲ್ಲ, ಹೆಣದ ಸುತ್ತ ನಾಲ್ಕೇ ಜನ. ಇವನು ಅಲ್ಲಿ ಕುಳಿತು ಹಾಡುತ್ತಿದ್ದ. ಮತ್ತೆ ಆಳು ಕಳಿಸಿದೆ. ಆಳು ತಂದ ಉತ್ತರ ಇದು.

"ಕುಂತ ಭಜನಿ ಮುಗೀಲಿ, ಬರ್ತೀನಿ ಅನ್ನು. ಅಲ್ಲಿ ಅಳಾಕ ನೂರು ಮಂದಿ ಅದಾರ. ಇಲ್ಲಿ ನಾ ಎದ್ರ ಈ ಮುದುಕಿಗೆ ಯಾರೂ ಇಲ್ಲ."

ಅವನು ಬರುವ ಹೊತ್ತಿಗೆ ನಾವು ಅಪ್ಪನನ್ನು ಎತ್ತಿದ್ದೆವು. ಸುಡು ಬಿಸಿಲಲ್ಲಿ ಬರಿಗಾಲಲ್ಲಿ ಓಡಿ ಬಂದು ಹೊಲದ ಬದುವಿನ ಮೇಲೆ ನಿಂತೇ ಹಾಡಿದ. ನಾನು ಆ ಕಡೆ ತಿರುಗಿ ನೋಡಲಿಲ್ಲ. ಮಣ್ಣು ಹಾಕುತ್ತಿದ್ದ ನನಗೆ ಅಪ್ಪ ಹೋದ ದುಃಖಕ್ಕಿಂತ, ಮೂಲಿಮನಿಯವರಿಗಿಂತ ಕಸಬರಿಗೆಯ ಮುದುಕಿ ಹೆಚ್ಚಾದಳಲ್ಲ ಎಂಬ ಸಿಟ್ಟು ದೊಡ್ಡದಾಗಿತ್ತು. ಇದನ್ನು ಬರೆಯುವಾಗ ಪೆನ್ನು ಮುರಿಯಬೇಕು ಅನ್ನಿಸುತ್ತದೆ. ಆದರೂ ಬರೆಯುತ್ತೇನೆ. ಈ ಒಂದು ಸಲವಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ ಈ ಕೈ.

ಕಾರ್ಡು ಬರೆಯುವ ಮೂರನೆಯ ದಿನ ಹುಸೇನಪ್ಪ ಬಂದ. ಜೊತೆಗೆ ಗಂಗವ್ವ, ಅವಳ ಬಗಲಲ್ಲಿ ಮೂರು ವರ್ಷದ ಮಗಳು. ಹೆಸರು ಹೇಳಿದ. ಹೆಂಡತಿಯ ಹೆಸರು, ಮಗಳ ಹೆಸರು ಹೇಳಿದ. ಅಡ್ಡಹೆಸರು ಅಂದೆ. ತಂಬೂರಿ ಅಂದ. ಅವನಿಗೆ ಓದು ಬರುತ್ತಿರಲಿಲ್ಲ, ಗಂಗವ್ವನಿಗೂ ಇಲ್ಲ. ನಾನು ಪೆನ್ನಿನ ತುದಿ ಒರೆಸಿಕೊಂಡು, ಮುದ್ದಾಗಿ, ಒಂದೊಂದೇ ಅಕ್ಷರ ಬಿಡಿಸಿ ಬರೆದೆ: ನಾಯಿತೆಗ್ಗಿನ ಹುಸೇನಪ್ಪ.

ನನ್ನ ಹಿಂದೆ ಓದಬಲ್ಲವರು ಮೂವರು ನಿಂತಿದ್ದರು. ಒಬ್ಬ ಬಾಯಿಗೆ ಟವೆಲ್ಲು ಒತ್ತಿಕೊಂಡ. ಇನ್ನೊಬ್ಬ ಬಗ್ಗಿ, "ಮೂಲಿಮನಿ, ಇದು ಕೊಪ್ಪಳಕ್ಕ ಹೋಗೂದೈತಿ ನೋಡಪಾ," ಎಂದು ಕಿವಿಯಲ್ಲಿ ಅಂದ.

"ಹೋಗ್ಲಿ ಬಿಡು. ಕೊಪ್ಪಳದವರಿಗೂ ಗೊತ್ತಾಗ್ಲಿ," ಅಂದೆ.

ಮೂವರೂ ನಕ್ಕರು. ಅವರು ಯಾಕೆ ನಕ್ಕರೆಂದು ತಿಳಿಯದಿದ್ದರೂ ಹುಸೇನಪ್ಪನೂ ಸಣ್ಣಗೆ ನಕ್ಕ, ಎಲ್ಲರೂ ನಗುವಾಗ ಸುಮ್ಮನಿದ್ದರೆ ಚೆನ್ನಲ್ಲ ಎಂದು. ಆಮೇಲೆ ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದ. ಆ ನಮಸ್ಕಾರ ಇನ್ನೂ ನನ್ನ ಮೈಮೇಲಿದೆ, ತೊಳೆದರೆ ಹೋಗುತ್ತಿಲ್ಲ.

ಕಚೇರಿಯಲ್ಲಿ ಯಾರಾದರೂ ಹಿಡಿಯುತ್ತಾರೆ, ತಿದ್ದಿ ವಾಪಸು ಕಳಿಸುತ್ತಾರೆ ಎಂದು ಒಳಗೊಳಗೆ ನನಗೂ ಇತ್ತು. ಹಿಡಿಯುವುದು ಹೇಗೆ? ಉಳ್ಳಾಗಡ್ಡಿ ಇರುವ ಜಿಲ್ಲೆ, ಕೊಡ್ಲಿ ಇರುವ ಜಿಲ್ಲೆ. ನಾಯಿತೆಗ್ಗಿನ ಅಂದರೂ ಒಂದು ಮನೆತನ ಇರಬಹುದು ಅಂದುಕೊಂಡಿರಬೇಕು. ಸಹಿ ಬಿತ್ತು, ಸೀಲು ಬಿತ್ತು. ಕಾರ್ಡು ನೋಡಿ ಓಟಿನ ಯಾದಿಗೆ ಬರೆದರು. ಓಟಿನ ಯಾದಿ ನೋಡಿ ಮತ್ತೊಂದಕ್ಕೆ ಬರೆದರು. ಓಣಿಯಲ್ಲಿ ಬೆನ್ನ ಹಿಂದೆ ಆಡುತ್ತಿದ್ದ ಕುಹಕವೊಂದು ಸರಕಾರದ ಮಾತಾಗಿ ಊರಿಗೆ ವಾಪಸು ಬಂತು. ರೇಶನ್ ಕೊಡುವ ದಿನ ಸಾಲಿನಲ್ಲಿ ನಿಂತವರೆದುರಿಗೆ ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಹುಸೇನಪ್ಪ ಚೀಲ ಹಿಡಿದು ಮುಂದೆ ಹೋಗುತ್ತಿದ್ದ.

ನಾಲ್ಕು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಗಂಗವ್ವ ನಮ್ಮ ಮನೆಯ ಬಾಗಿಲಿಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾರ್ಡು. ಮಗಳನ್ನು ಸಾಲಿಗೆ ಹಚ್ಚುವಾಗ ಮಾಸ್ತರು ಕಾರ್ಡು ನೋಡಿ ಅದರಲ್ಲಿದ್ದಂತೆ ಬರೆದುಕೊಂಡಿದ್ದರು. ಹಾಜರಿ ಕರೆಯುವಾಗ ಹಿಂದಿನ ಸಾಲಿನ ಹುಡುಗರು ಬೊಗಳುತ್ತಾರಂತೆ. ಮಗು ಮೂರು ದಿನದಿಂದ ಸಾಲಿಗೆ ಹೋಗಿಲ್ಲವಂತೆ.

"ಅಣ್ಣಾರ, ಇದು ನಿಮ್ಮ ಅಕ್ಷರ ಅಂತಾರ. ಯಾರೋ ಬರಸ್ಯಾರೋ, ತಪ್ಪಿ ಬಿದ್ದೈತೋ ನಾ ಕೇಳಂಗಿಲ್ಲ. ಕೂಸು ಸಾಲಿ ಬಿಡ್ತೈತಿ. ತಿದ್ದಿ ಕೊಡ್ರಿ."

ನೋಡಿ, ಆ ಬಡವಿ ನನಗೆ ತಪ್ಪಿಸಿಕೊಳ್ಳಲು ದಾರಿಯನ್ನೂ ತಾನೇ ಮಾಡಿಕೊಟ್ಟಿದ್ದಳು. ಕೈತಪ್ಪು ಅಂದರೆ ಸಾಕಿತ್ತು. ಒಂದು ಅರ್ಜಿ ಬರೆದು, ಕುಷ್ಟಗಿಗೆ ಒಂದು ಸಲ ಹೋಗಿ ಬಂದಿದ್ದರೆ ತೀರುತ್ತಿತ್ತು. ಆದರೆ ತಿದ್ದಲು ಹೋದರೆ ಯಾರು ಬರೆದದ್ದು, ಯಾಕೆ ಬರೆದದ್ದು ಎಂದು ನಾಲ್ಕು ಜನ ಕೇಳುತ್ತಾರಲ್ಲ. ಅಂದು ನಕ್ಕ ಮೂವರೇ ಈಗ, ನಾವು ಅವತ್ತೇ ಹೇಳಿದ್ದೆವು ಅನ್ನುವವರು.

"ಅದು ಕಂಪ್ಯೂಟರಿನ್ಯಾಗ ಹೋಗಿಬಿಟ್ಟೈತಬೇ. ಇನ್ನ ತಗಿಯಾಕ ಬರಂಗಿಲ್ಲ," ಅಂದೆ.

ಆಗ ನಾನು ಕಂಪ್ಯೂಟರು ಹೇಗಿರುತ್ತದೆ ಎಂದು ನೋಡಿದವನೂ ಅಲ್ಲ. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಹಾಗೆ, ಹಾಕಿದ್ದು ತಳಕ್ಕೆ ಹೋಗಿ ಕೂಡುತ್ತದೆ ಎಂಬ ಹಾಗೆ ಹೇಳಿದೆ. ಗಂಗವ್ವ ಕಾರ್ಡನ್ನು ಮತ್ತೆ ಚೀಲದಲ್ಲಿ ಸುತ್ತಿಕೊಂಡು ಹೋದಳು. ಮರುದಿನ ಮಗಳ ಕೈ ಹಿಡಿದು ಸಾಲಿಯ ತನಕ ತಾನೇ ಹೋಗಿ, ಹಾಜರಿ ಮುಗಿಯುವವರೆಗೆ ಕಿಟಕಿಯ ಹೊರಗೆ ನಿಂತಳಂತೆ. ಹಾಗೆ ಒಂದು ವರ್ಷ ನಿಂತಳು. ಕೂಲಿಗೆ ತಡವಾಗಿ ಹೋಗಿ ಬೈಸಿಕೊಂಡಳು. ಆ ವರ್ಷ ನಾನು ಸಾಲಿಯ ಕಡೆಯ ದಾರಿ ಬಿಟ್ಟು ಹೊಲಕ್ಕೆ ಸುತ್ತುಹಾಕಿ ಹೋಗುತ್ತಿದ್ದೆ.

ಮೊದಲನೆಯ ತಪ್ಪನ್ನು ಸಿಟ್ಟಿನಲ್ಲಿ ಮಾಡಿದೆ ಅನ್ನಬಹುದು. ಎರಡನೆಯದಕ್ಕೆ ಏನು ಹೇಳಲಿ? ಮೂರನೆಯದು ಇನ್ನೂ ಹೊಲಸು.

ಹುಡುಗಿ ಜಾಣೆ. ಸಾಲಿ ಬಿಡಲಿಲ್ಲ. ಹತ್ತನೆಯ ತರಗತಿಗೆ ಬಂದಳು. ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ಸಾಲಿಯ ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳಬಹುದು; ಅಂಕಪಟ್ಟಿ ಅಚ್ಚಾದ ಮೇಲೆ ಕೋರ್ಟಿಗೇ ಹೋಗಬೇಕು. ಈ ಸಲ ತಾಯಿಯನ್ನು ಕಳಿಸದೆ ತಾನೇ ಬಂದಳು. ನೀಲಿ ಸಮವಸ್ತ್ರ, ಎರಡು ಜಡೆ, ಕೈಯಲ್ಲಿ ಅರ್ಜಿ.

"ಕಾಕಾರ, ಹೆಡ್ ಮಾಸ್ತರು ಕಳಿಸ್ಯಾರ. ಮೊದಲ ಬರದವರು, ಬರಿಯೂವಾಗ ತಪ್ಪಾಗೇತಿ ಅಂತ ಇದರ ಮ್ಯಾಲ ಎರಡು ಸಾಲು ಬರದು ಸಹಿ ಮಾಡಿದ್ರ ಸಾಕಂತ್ರಿ. ನಾಳಿ ಕಡೀ ದಿನ."

ಅರ್ಜಿಯನ್ನು ಕೈಗೆ ತೆಗೆದುಕೊಂಡೆ. ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಾಳಿ ಮುಂಜಾನಿ ಬಾ ಅಂದೆ.

ಮುಂಜಾನೆ ಆರರ ಬಸ್ಸಿಗೆ ಗಂಗಾವತಿಗೆ ಹೋದೆ. ಯಾರದೋ ಮದುವೆ ಎಂದು ಹೆಂಡತಿಗೆ ಹೇಳಿದೆ. ಗಂಗಾವತಿಯಲ್ಲಿ ನನಗೆ ಸತ್ತವರೂ ಇಲ್ಲ ಇದ್ದವರೂ ಇಲ್ಲ. ಬಸ್ ಸ್ಟ್ಯಾಂಡಿನ ಸಿಮೆಂಟಿನ ಬೆಂಚಿನ ಮೇಲೆ ದಿನವೆಲ್ಲ ಕುಳಿತೆ. ನಾಟಿಗೆ ಹೋಗುವ ಹೆಂಗಸರು ಸೀರೆ ಎತ್ತಿಕಟ್ಟಿ ಟೆಂಪೋಗಳಲ್ಲಿ ತುಂಬಿಕೊಂಡು ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ ಚಾಷ್ಟಿ ಮಾಡಿ ನಗುತ್ತ ಹೋದರು. ಸಂಜೆ ಕೆಸರುಗಾಲಲ್ಲಿ ವಾಪಸು ಬಂದರು. ಅವರಲ್ಲೊಬ್ಬಳು ನನ್ನನ್ನು ನೋಡಿ, ಈ ಅಜ್ಜನ್ನ ಮುಂಜಾನಿ ಇಟ್ಟಲ್ಲೇ ಇಟ್ಟಾರ ನೋಡ್ರಿ ಎಂದು ಸಂಗಾತಿಗಳಿಗೆ ತೋರಿಸಿದಳು. ನಕ್ಕರು. ಆಗ ನನಗೆ ಅರವತ್ತು ಕೂಡ ಆಗಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮದುವ್ಯಾಗ ಊಟ ಛಲೋ ಇತ್ತೇನ್ರಿ?"

ಇತ್ತು ಅಂದೆ.

"ಆ ಹುಡುಗಿ ಸಾಲಿ ಮುಗಿಯೂ ತನಕ ನಮ್ಮ ಕಟ್ಟಿ ಮ್ಯಾಲ ಕುಂತಿತ್ತು. ಚಾ ಕೊಟ್ಟೆ, ಕುಡೀಲಿಲ್ಲ. ನಿಮ್ಮ ಮದುವಿ ಊಟ ನಿಮಗ ಅರಗ್ತೈತೇನು ನೋಡ್ಕೋರಿ."

ಅಷ್ಟೇ ಅಂದಳು, ಸಾಯುವ ತನಕ ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆದು ನಾಲ್ಕು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅನುಕೂಲ ಮಾಡಿಕೊಡುವ ಹೆಂಗಸಲ್ಲ ಆಕೆ.

ಹುಡುಗಿ ಪಾಸಾದಳು, ಒಂದೇ ಸಲಕ್ಕೆ. ಅಂಕಪಟ್ಟಿಯ ಮೇಲೆ ನಾಯಿತೆಗ್ಗು ಅಚ್ಚಾಯಿತು.

ಹುಸೇನಪ್ಪನಿಗೂ ಒಂದು ಕಾಲ ಬಂತು. ಕೊಪ್ಪಳದಲ್ಲಿ ಯಾವುದೋ ಸಮಾರಂಭಕ್ಕೆ ಹಳ್ಳಿಯ ಹಾಡುಗಾರರನ್ನು ಕರೆಸಿ ಶಾಲು ಹೊದಿಸಿದರು. ಊರಿಂದ ಹತ್ತು ಜನ ಹೋದೆವು. ನಾನೂ ಹೋದೆ, ಮೋರೆ ಗಟ್ಟಿ ಮಾಡಿಕೊಂಡು. ಹೆಸರು ಕರೆಯುವವರು ಅವನ ಗುರುತಿನ ಚೀಟಿ ನೋಡಿಕೊಂಡು ಮೈಕಿನಲ್ಲಿ ಓದಿದರು. ಸಭೆಯಲ್ಲಿ ಒಂದು ನಗೆಯ ಅಲೆ ಎದ್ದಿತು. ಕೆಟ್ಟ ಜನರಲ್ಲ, ನಮ್ಮಂಥವರೇ. ಹೆಸರು ಓದಿದವರೇ ಗಲಿಬಿಲಿಯಾಗಿ ಇದು ನಿಮ್ಮ ಅಡ್ಡಹೆಸರೇನ್ರಿ ಎಂದು ಮೈಕಿನಲ್ಲೇ ಕೇಳಿಬಿಟ್ಟರು. ಹುಸೇನಪ್ಪ ಏಕತಾರಿಯನ್ನು ಎದೆಗೆ ಹಿಡಿದು ನಿಂತಿದ್ದ.

"ಹೌದ್ರಿ. ನಮ್ಮೂರ ತೆಗ್ಗ ಅದು. ಊರಾಗಿನ ಎಲ್ಲಾ ಮಾಳಿಗಿ ಮ್ಯಾಲ ಅದರದಾ ಮಣ್ಣ ಐತ್ರಿ," ಅಂದ.

ನಗೆ ನಿಂತಿತು. ಅವನು ಹಾಡಿದ. ಜನ ಕೈ ತಟ್ಟಿದರು. ಊರವರು, ಎಂಥ ಮಾತಾಡಿದ ನೋಡ್ರಿ ಎಂದು ದಾರಿಯುದ್ದಕ್ಕೂ ಕೊಂಡಾಡಿದರು. ಆ ಮಾತಿನಿಂದ ಎಲ್ಲರಿಗೂ ಸಮಾಧಾನ ಆಯಿತು. ಅದೇ ನನ್ನ ಸಿಟ್ಟು. ಅವಮಾನ ಪಟ್ಟವನು ಒಂದು ಚೆಂದದ ಮಾತಾಡಿದರೆ ಅವಮಾನ ಮಾಡಿದವನ ಪಾಪ ತೀರಿತು ಎಂದು ಯಾರು ಹೇಳಿದವರು? ಅವನು ದೊಡ್ಡವನಾದ, ಸರಿ. ನಾನು ಯಾವಾಗ ದೊಡ್ಡವನಾದೆ? ಹೆಸರಲ್ಲಿ ಏನಿದೆ ಬಿಡ್ರಿ ಅನ್ನುವವರನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅಂಥವರ ಮಗಳ ಹಾಜರಿಗೆ ಒಂದು ದಿನ ಹುಡುಗರು ಬೊಗಳಲಿ, ಆಮೇಲೆ ಹೇಳಲಿ.

ಮರುದಿನ ಮುಂಜಾನೆ ಅವನ ಮನೆಗೆ ಹೋದೆ. ತೆಗ್ಗಿನ ದಂಡೆಯ ಮೇಲೆ ಕುಳಿತು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಎಲ್ಲ ಹೇಳಿದೆ, ಅಪ್ಪನ ಮಣ್ಣಿನ ದಿನದಿಂದ ಗಂಗಾವತಿಯ ಬೆಂಚಿನವರೆಗೆ. ತಪ್ಪಾತು ಹುಸೇನಪ್ಪ ಅಂದೆ. ಅವನು ಬಾಯಿ ಮುಕ್ಕಳಿಸಿ ಉಗುಳಿದ.

"ಬರದು ಎಂಟು ದಿನದಾಗ ಗೊತ್ತಾತ್ರಿ ನನಗ. ನಿಮ್ಮ ಹಿಂದ ನಿಂತವರ ಹೇಳಿದ್ರು."

"ಮತ್ತ ಯಾಕ ಕೇಳಲಿಲ್ಲ?"

"ಏನ್ ಕೇಳ್ಲಿ? ನಿಮ್ಮ ಅಪ್ಪಾರ ಮಣ್ಣಿಗೆ ತಡಾ ಆತು ಅಂತ ನನಗೂ ಸಂಕಟ ಇತ್ತು. ಹಂಗಂತ ಆ ಮುದುಕಿನ್ನ ಬಿಟ್ಟು ಬಂದಿದ್ರ ಮತ್ತೊಂದು ಸಂಕಟ. ನನಗೇನ್ರಿ, ಹಾಡಾಂವ. ಯಾ ಹೆಸರಿಟ್ಟು ಕರದ್ರೂ ಹೋಗ್ತೀನಿ." ಬೇವಿನ ಕಡ್ಡಿಯನ್ನು ತೆಗ್ಗಿಗೆ ಎಸೆದು ಹೇಳಿದ, "ನನಗ ಹೇಳಿದ್ದು ಸಾಕು. ಹೇಳೂದಿದ್ರ ನಮ್ಮ ಹುಡುಗಿಗೆ ಹೇಳ್ರಿ. ಆಕಿ ನನ್ನಂಗಲ್ಲ. ಆಕಿ ಮರತಿಲ್ಲ."

ಅವನು ಕ್ಷಮಿಸಿದ, ಅಥವಾ ಕ್ಷಮಿಸುವಷ್ಟು ದೊಡ್ಡ ಸಂಗತಿ ಎಂದು ನನ್ನನ್ನು ಎಣಿಸಲಿಲ್ಲ. ಎರಡರಲ್ಲಿ ಯಾವುದೆಂದು ಇನ್ನೂ ತಿಳಿದಿಲ್ಲ. ನಾನು ಹುಡುಗಿಗೆ ಹೇಳುತ್ತೇನೆ ಅಂದೆ. ಆಕೆ ಆಗ ಕೊಪ್ಪಳದಲ್ಲಿ ಟೀಚರ ಕೆಲಸಕ್ಕೆ ಓದುತ್ತಿದ್ದಳು. ರಜೆಗೆ ಬಂದಾಗ ಹೇಳಿದರಾಯಿತು ಅಂದುಕೊಂಡೆ. ಹಲವು ರಜೆಗಳು ಬಂದವು, ಹೋದವು. ಹುಸೇನಪ್ಪ ತೀರಿಕೊಂಡ. ಅವನ ಹೆಣದ ಮುಂದೆ ಹಾಡುವವರು ಯಾರೂ ಇರಲಿಲ್ಲ. ಯಾರೋ ಇಬ್ಬರು ಏನೋ ಹಾಡಿದರು, ನಡುವೆ ಪದ ಮರೆತರು. ಆಕೆ ಅಪ್ಪನ ಪಕ್ಕ ಕುಳಿತು ಮರೆತ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟಳು. ನಾನು ಹತ್ತು ಹೆಜ್ಜೆ ದೂರ ನಿಂತಿದ್ದೆ. ಸಾವಿನ ಮನೆಯಲ್ಲಿ ಹೇಳುವ ಮಾತಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಡಿಗೆ ಶಾಸ್ತ್ರ ಬಹಳ ಗೊತ್ತಿರುತ್ತದೆ.

ಆಕೆಗೆ ನವಲಿ ಕಡೆಯ ಒಂದು ಊರಿನ ಸಾಲಿಯಲ್ಲಿ ಕೆಲಸ ಆಯಿತು. ಅಲ್ಲಿ ನಮ್ಮ ದೂರದ ಬೀಗರಿದ್ದಾರೆ. ಹೋದ ವರ್ಷ ಅವರು ಮನೆಗೆ ಬಂದಾಗ ನಗೆಚಾಟಿಕೆಗೆಂದು ಹೇಳಿದರು: ನಮ್ಮೂರ ಟೀಚರಮ್ಮಗ ಸಂಶಯ ಭಾಳ. ಮಕ್ಕಳನ್ನ ಸಾಲಿಗೆ ಹಚ್ಚಾಕ ಹೋದ್ರ ಅಡ್ಡಹೆಸರು ಎರಡೆರಡು ಸಲ ಕೇಳ್ತಾಳ, ಬರದದ್ದನ್ನ ಗಟ್ಟಿಯಾಗಿ ಓದಿ ಹೇಳ್ತಾಳ, ತಾಯಿ ಹೌದಂದ ಮ್ಯಾಲ ಮುಂದಿಂದು. ಒಬ್ಬೊಬ್ಬರಿಗೆ ಅರ್ಧ ತಾಸು. ಎಲ್ಲರೂ ನಕ್ಕರು. ನಾನು ತಾಟು ಸರಿಸಿ ಎದ್ದು ಕೈ ತೊಳೆದೆ.

ಬಜ್ಜಿಯ ಕಾಗದ ಓದಿದ ಮರುವಾರ ಅಲ್ಲಿಗೆ ಹೋದೆ. ಇವತ್ತು ಹೇಳಿಯೇ ತೀರಬೇಕು ಎಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಸುತ್ತಲೂ ಭತ್ತದ ಗದ್ದೆ, ನಡುವೆ ಸಾಲಿ. ಮಕ್ಕಳು ಊಟಕ್ಕೆ ಕುಳಿತಿದ್ದರು. ಆಕೆ ನನ್ನನ್ನು ಗುರುತು ಹಿಡಿದಳು, ಬರ್ರಿ ಕಾಕಾರ ಅಂದಳು, ಕುರ್ಚಿ ಹಾಕಿಸಿ ನೀರು ಕೊಟ್ಟಳು. ಈಗ ಮೂವತ್ತರ ಹತ್ತಿರದ ಹೆಂಗಸು, ಅಪ್ಪನದೇ ಮೂಗು. ಯಾರ್ನ ಸಾಲಿಗೆ ಹಚ್ಚಾಕ ಬಂದೀರಿ ಎಂದು ಕೇಳಿದಳು. ಹಿಂಗ ಈ ಕಡೆ ಬಂದಿದ್ದೆ ಅಂದೆ. ಸಾಲಿಗೆ ಬಂದವರು ಹೆಸರು ಬರೆಯಬೇಕೆಂದು ಒಂದು ಪುಸ್ತಕ ಮುಂದೆ ಇಟ್ಟಳು. ಬರೆದೆ. ಆಕೆ ಅದನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು.

"ನಿಮ್ಮ ಅಕ್ಷರ ಇನ್ನೂ ಹಂಗ ಐತ್ರಿ ಕಾಕಾರ."

ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದಳು. ನನಗೆ ಗೊತ್ತು, ಕಾಯುತ್ತಿದ್ದಳು. ಕಟ್ಟೆಯ ಮೇಲೆ ಚಹಾ ಆರಿಸಿಕೊಂಡು ಕುಳಿತಿದ್ದಾಗಲೂ ಹೀಗೆಯೇ ಕಾದಿರಬೇಕು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ವಯಸ್ಸಾತವ್ವ, ಕೈ ನಡುಗ್ತೈತಿ ಎಂದೇನೋ ಅಂದೆ. ನಡುಗುತ್ತಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆಕೆ ಪುಸ್ತಕ ಮುಚ್ಚಿ, ಹಾಜರಿಯ ಪುಸ್ತಕ ತೆಗೆದುಕೊಂಡು, ಬರ್ತೀನ್ರಿ ಎಂದು ತರಗತಿಗೆ ಹೋದಳು. ನಾನು ಬಸ್ಸು ಹತ್ತಿದೆ.

ಇದನ್ನು ಓದಿ, ಅಜ್ಜ ಕೊನೆಗೂ ತಪ್ಪು ಒಪ್ಪಿಕೊಂಡ ಎಂದು ಯಾರೂ ನನಗೆ ರಿಯಾಯಿತಿ ಕೊಡಬೇಡಿ. ಊರಿಗೆಲ್ಲ ಹೇಳುವುದು ಸುಲಭ. ಹೇಳಬೇಕಾದವರು ಒಬ್ಬರೇ, ಅವರೆದುರು ನಾಲಿಗೆ ಏಳುವುದಿಲ್ಲ. ಸರಕಾರದ ಯಾವ ಕಾಗದದಲ್ಲೂ ಆಕೆಯ ಹೆಸರು ಸರಿಯಾಗಿಲ್ಲ, ಅದಕ್ಕೆ ಕಾರಣ ನಾನು. ಅವತ್ತು ಗುಡಿಯ ಕಟ್ಟೆಯ ಮೇಲೆ ಅವಳಪ್ಪ ನನಗೆ ಬಿಡಿಸಿ ಹೇಳಿದ್ದು, ನಾನು ಬರೆಯದೆ ಬಿಟ್ಟದ್ದು, ಇದು:

ಹುಲಿಗೆಮ್ಮ ಹುಸೇನಪ್ಪ ತಂಬೂರಿ.